ಮೆಟ್ಟಿಲ ಮೇಲೆ ಕೂರಿಸಿದ ಡೈನಮೊ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಜಯನಗರದ ನಮ್ಮ ನಿವಾಸಿಗಳ ಸಂಘಕ್ಕೆ ಒಂದು ಕಟ್ಟಡವಿತ್ತು. ಕೆಳಗೆ ವಾಚನಾಲಯ, ಮಹಡಿಯಲ್ಲಿ ಒಂದು ಕೋಣೆ. ಆ ಕೋಣೆಯನ್ನು ನಾನು ವಿಜ್ಞಾನದ ವಸ್ತುಸಂಗ್ರಹಾಲಯ ಮಾಡಿದ್ದೆ. ಹೆಸರು ದೊಡ್ಡದು. ಇದ್ದದ್ದು, ನಾನು ಪಾಠ ಮಾಡುತ್ತಿದ್ದ ಹೈಸ್ಕೂಲಿನಿಂದ ಎರವಲು ತಂದ ಒಂದು ಮೇಜಿನಷ್ಟು ಸಾಮಾನು: ರಾಟೆ, ಲೆನ್ಸು, ಅಯಸ್ಕಾಂತ, ಪೆರಿಸ್ಕೋಪು, ಹಿಡಿ ತಿರುಗಿಸಿದರೆ ಬಲ್ಬು ಹೊತ್ತಿಕೊಳ್ಳುವ ಡೈನಮೊ. ನಿಯಮ ಒಂದೇ. ಬಂದವರು ಮುಟ್ಟಬೇಕು. ಶಾಲೆ ಬಿಟ್ಟ ಮೇಲೆ ಬಾಗಿಲು ತೆಗೆಯುತ್ತಿದ್ದೆ, ದೀಪ ಹಚ್ಚುವ ಹೊತ್ತಿಗೆ ಮುಚ್ಚುತ್ತಿದ್ದೆ. ತಪ್ಪಿಸಿದ ದಿನವಿಲ್ಲ.

ಬರುತ್ತಿದ್ದವರು ನನ್ನ ವಿದ್ಯಾರ್ಥಿಗಳೇ. ಅದೇ ಡೈನಮೊವನ್ನು ತರಗತಿಯಲ್ಲಿ ನೋಡಿ ಬೇಸತ್ತವರು. ಸುದ್ದಗುಂಟೆಪಾಳ್ಯದಲ್ಲಿ ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುವ ಹೆಂಗಸರು ನಮ್ಮ ಬೀದಿಯಲ್ಲೇ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ನನಗೆ ಬೇಕಿದ್ದದ್ದು ಅವರು. ಕರೆದರೆ, "ನಾವೇನು ಓದಿದೀವಾ ಮೇಡಂ?" ಎಂದು ನಕ್ಕು ಮುಂದೆ ಸಾಗುತ್ತಿದ್ದರು.

ಸಂಘದ ಕಾರ್ಯದರ್ಶಿಗಳು ಬ್ಯಾಂಕಿನಿಂದ ನಿವೃತ್ತರಾದವರು. ದಸರೆಗೆ ಮುಂಚೆ ಒಮ್ಮೆ ಹೆಂಡತಿಯೊಡನೆ ಮಹಡಿ ಹತ್ತಿ ಬಂದರು. "ಜನಾನೇ ಬರ್ತಿಲ್ಲ ಮೇಡಂ. ಕಮಿಟೀಲಿ ಎಲ್ರೂ ಕೇಳ್ತಿದ್ದಾರೆ. ಹಬ್ಬ ಮುಗೀಲಿ, ಈ ರೂಮಿನ ವಿಷಯ ತೀರ್ಮಾನ ಮಾಡ್ಬಿಡೋಣ" ಎಂದರು.

ಅವರ ಹೆಂಡತಿ ಒಂದು ದಾರಿ ಹೇಳಿದರು. "ಇವನ್ನೇ ಗೊಂಬೆ ಥರ ಕೂರ್ಸಿ. ಗೊಂಬೆ ಅಂದ್ರೆ ಯಾರ್ ಬರಲ್ಲ ಹೇಳಿ?"

ಮಾತು ನಿಜ. ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮನೆಗೆ ಹೋಗಲು ಗುರುತು ಪರಿಚಯ ಬೇಕಿಲ್ಲ. ಗೇಟಿನಲ್ಲಿ ನಿಂತು "ಗೊಂಬೆ ಕೂರ್ಸಿದ್ದೀರಾ?" ಎಂದರೆ ಸಾಕು. ಬೇರೆ ಉಪಾಯ ನನಗೂ ತೋಚಲಿಲ್ಲ. ಅವರ ಮನೆಯ ಹಲಗೆ ಮೆಟ್ಟಿಲುಗಳು ಬಂದವು. ಬಿಳಿ ಪಂಚೆ ಹಾಸಿದೆವು. ಎಲ್ಲಕ್ಕೂ ಮೇಲೆ ಅವರ ಪಟ್ಟದ ಗೊಂಬೆಗಳು, ರಾಜ ರಾಣಿ. ಕೆಳಗೆ ನನ್ನ ಸಾಮಾನು. ಡೈನಮೊ ಕೈಗೆಟಕುವಂತೆ ಕೊನೆಯ ಸಾಲಿನಲ್ಲಿ. ಬಂದವರಿಗೆ ಕೊಡಲು ಕಡಲೆಕಾಳು ಉಸಲಿ.

ಜನ ಬಂದರು. ಚಪ್ಪಲಿಗಳು ಬೀದಿಯವರೆಗೆ ಹರಡಿದವು. ಸುದ್ದಗುಂಟೆಪಾಳ್ಯದವರೂ ಹೂ ಮುಡಿದು ಬಂದರು. ಸಾಲಾಗಿ ನಿಂತರು, ಕೈ ಮುಗಿದರು, ಉಸಲಿ ತೆಗೆದುಕೊಂಡು ಇಳಿದರು. ಒಬ್ಬರೂ ಮುಟ್ಟಲಿಲ್ಲ.

"ಹಿಡಿ ತಿರುಗ್ಸಮ್ಮ" ಎಂದು ಒಬ್ಬ ತರುಣಿಗೆ ಹೇಳಿದೆ. ಅವಳ ಉಗುರುಸಂದಿಯಲ್ಲಿ ಊದುಬತ್ತಿಯ ಇದ್ದಿಲು ಕಪ್ಪಗೆ ಉಳಿದಿತ್ತು. ಆಕೆ ಕೈ ಚಾಚಿದಳು. ಹಿಂದಿದ್ದ ಅತ್ತೆ ಆ ಕೈಗೆ ಪಟ್ಟೆಂದು ಹೊಡೆದರು.

"ಏಯ್, ಕೂರ್ಸಿರೋದನ್ನ ಮುಟ್ತಾರೇನೇ? ಎತ್ತೋವರ್ಗೂ ದೇವ್ರು ಅದು!"

"ದೇವರಲ್ಲ ಅಜ್ಜಿ, ಡೈನಮೊ."

"ಯಾವ್ ದೇವ್ರಾದ್ರೂ ಅಷ್ಟೇ ಬಿಡಿ ಮೇಡಂ."

ನಾನೇ ತಿರುಗಿಸಿದೆ. ಬಲ್ಬು ಹೊತ್ತಿತು. ಮಂಗಳಾರತಿ ತೆಗೆದುಕೊಳ್ಳುವಂತೆ ಸಾಲಿನಲ್ಲಿದ್ದವರೆಲ್ಲ ಬೆಳಕಿನತ್ತ ಅಂಗೈ ಒಡ್ಡಿ ಕಣ್ಣಿಗೆ ಒತ್ತಿಕೊಂಡರು. ಆಯುಧಪೂಜೆಯಂದು ಯಾರೋ ಲೆನ್ಸಿಗೂ ಅರಿಶಿನ ಕುಂಕುಮ ಇಟ್ಟುಹೋದರು.

ಕಾರ್ಯದರ್ಶಿಗಳಿಗೆ ಹಿಗ್ಗು. "ಸಖತ್ ಜನ ಮೇಡಂ! ಪ್ರತಿ ವರ್ಷ ಇಲ್ಲೇ ಗೊಂಬೆ ಕೂರ್ಸೋಣ ಅಂತ ಕಮಿಟೀಲಿ ಆಯ್ತು. ಉಳಿದ ದಿನ ಲೇಡೀಸ್ ಭಜನೆ ಮಾಡ್ಕೋತಾರೆ."

"ನನ್ನ ಸಾಮಾನು?"

"ಪಾಪ, ಅದ್ಯಾಕೆ ಸುಮ್ನೆ ಜಾಗ ತಿನ್ನುತ್ತೆ? ಜನ ಬಂದಿದ್ದು ಗೊಂಬೆಗೆ ತಾನೆ?"

ಯಾರೂ ಏನೂ ಕಲಿಯಲಿಲ್ಲ ಎಂದೆ. "ಬಂದ್ರಲ್ಲ ಮೇಡಂ" ಎಂದರು.

ರಜೆ ಮುಗಿದ ದಿನ ಬೆಳಿಗ್ಗೆ ಶಾಲೆಯ ಜವಾನ ಎಲ್ಲವನ್ನೂ ಗಾಡಿಯಲ್ಲಿ ಒಯ್ದ. ಸಂಜೆ ಕೋಣೆ ಗುಡಿಸುತ್ತಿದ್ದಾಗ ಆ ತರುಣಿ ಒಬ್ಬಳೇ ಬಂದಳು. ಕೈ ಉಜ್ಜಿ ತೊಳೆದುಕೊಂಡಿದ್ದಳು.

"ಅತ್ತೆ ಬಂದಿಲ್ಲ. ಎತ್ತಿದ್ಮೇಲೆ ಮುಟ್ಬಹುದಲ್ಲ ಮೇಡಂ?"

"ಸ್ಕೂಲಿಗೆ ಹೋಯ್ತಮ್ಮ, ಬೆಳಿಗ್ಗೆ."

ಬರಿದಾದ ಹಲಗೆಗಳನ್ನು ನೋಡಿದಳು. "ಮುಂದಿನ್ ವರ್ಷ ಕೂರ್ಸ್ತೀರಲ್ಲ?"

"ಬರೀ ಗೊಂಬೆ ಕೂರ್ಸ್ತಾರೆ."

"ಗೊಂಬೆ ಬಿಡಿ. ಆ ಹಿಡಿ ತಿರುಗ್ಸೋದಕ್ಕೆ ಎಣ್ಣೆ ಇಲ್ಲ, ಗೋಡೆಗೆ ಪ್ಲಗ್ ಹಾಕಿಲ್ಲ. ದೀಪ ಎಲ್ಲಿಂದ ಬತ್ತದೆ? ಬತ್ತಿ ಹೊಸೀತಾ ಅದೇ ಯೋಚ್ನೆ ನಂಗೆ."

ಆ ಕೋಣೆಯಲ್ಲಿ ನನ್ನನ್ನು ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಪೊರಕೆ ಮೂಲೆಗಿಟ್ಟು ಹೇಳತೊಡಗಿದೆ. ಒಂದು ತಂತಿಯ ಸುರುಳಿ, ಪಕ್ಕದಲ್ಲಿ ಅಯಸ್ಕಾಂತ, ಸುರುಳಿ ತಿರುಗಿದಾಗ ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದೆ. ಆಕೆ ನನ್ನ ಕೈಯನ್ನೇ ನೋಡಿದಳು. ಏನೂ ತಿಳಿಯದ ಮಕ್ಕಳು ಪಾಠ ಬೇಗ ಮುಗಿಯಲೆಂದು ಹೇಗೆ ತಲೆಯಾಡಿಸುತ್ತಾರೆಂದು ನಾನು ಬಲ್ಲೆ. ಸ್ವಲ್ಪ ಹೊತ್ತಿನಲ್ಲಿ ಆಕೆಯೂ ಹಾಗೆಯೇ ತಲೆಯಾಡಿಸತೊಡಗಿದಳು.