ಎಡಗೆನ್ನೆಯ ಮಚ್ಚೆ

ನಮ್ಮಣ್ಣ ಮೂವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನು. ಬಾಯಿ ಬಿಡಿಸಬೇಕಾದರೆ ದಮ್ಮಯ್ಯ ಅನ್ನಬೇಕು, ಆದರೆ ಕೆಲಸ ಕರಾರುವಾಕ್ಕು. ಹಳೆಯ ಎಕ್ಸ್‌ರೇ ಹಾಳೆ ಕತ್ತರಿಸಿ, ಗೋಡೆಗಿಟ್ಟು ಬಣ್ಣ ಹೊಡೆಯುವ ಅಚ್ಚು ಮಾಡಿದರೆ, ಮುಂಭಾಗ ಯಾವುದೆಂದು ಮೂಲೆಯಲ್ಲೊಂದು ಗುರುತು ಹಾಕದೆ ಯಾರ ಕೈಗೂ ಕೊಡುತ್ತಿರಲಿಲ್ಲ. ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದ ನಾನು ಮರೆತರೆ ಮಾತ್ರ ಬೈಗುಳದ ಸುರಿಮಳೆ.

ಅವನ ಮಗಳು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಳು. ಹನ್ನೆರಡು ಗಂಟೆಯ ಪಾಳಿಯ ವಿರುದ್ಧ ಹೊರಟ ಮೆರವಣಿಗೆಯಲ್ಲಿ ಪೊಲೀಸರ ಗುಂಡಿಗೆ ಸತ್ತಳು. ಮೂರನೇ ದಿನ ಅವಳ ಗೆಳತಿಯರು ಬಂದರು. "ಅಂಕಲ್, ಅವಳ ಮುಖದ ಅಚ್ಚು ಮಾಡ್ಕೊಡಿ. ಊರ ಗೋಡೆಗೆಲ್ಲ ಹೊಡೀತೀವಿ."

ಅಣ್ಣ ಫೋಟೊ ಮುಂದಿಟ್ಟುಕೊಂಡು ಯಾರದೋ ಮುಖವೆಂಬಂತೆ ಕತ್ತರಿಸಿದ. ಅಳಲಿಲ್ಲ. ಗುರುತು ಹಾಕುವುದನ್ನು ಮಾತ್ರ ಮರೆತ. ಪಕ್ಕದಲ್ಲೇ ಇದ್ದ ನನಗೂ ಹೊಳೆಯಲಿಲ್ಲ.

ಹುಡುಗಿಯರು ಹಾಳೆಯನ್ನು ಮಗುಚಿ ಹಿಡಿದು ಬಣ್ಣ ಹೊಡೆದರು. ವಾರದೊಳಗೆ ಎಲ್ಲಿ ನೋಡಿದರಲ್ಲಿ ಅವಳೇ: ಬಸ್ ನಿಲ್ದಾಣ, ಸೇತುವೆಯ ಕಂಬ, ಕಾರ್ಖಾನೆಯ ಗೇಟು. ಬಲಗೆನ್ನೆಯ ಮಚ್ಚೆ ಎಡಗೆನ್ನೆಗೆ ಬಂದಿತ್ತು. ನಮಗೆ ಕಣ್ಣಿದ್ದೂ ಕಾಣಲಿಲ್ಲ. ಅತ್ತಿಗೆ ಮಾತ್ರ ಮನೆಯೆದುರಿನ ಗೋಡೆ ನೋಡಿದವರೇ, "ರೀ, ಇದ್ಯಾರು? ನನ್ನ ಮಗಳಲ್ಲ ಇವಳು" ಅಂದರು. "ಊರಿಗೆಲ್ಲ ಬೇಡ, ಈ ಗೋಡೆ ಒಂದನ್ನ ಸರಿ ಮಾಡಿ. ಬಾಗಿಲು ತೆಗೆದ್ರೆ ನಂಗೆ ನನ್ನ ಮಗಳು ಕಾಣ್ಬೇಕು."

ಅವರು ಕೇಳಿದ್ದು ಅದೊಂದೇ. ಒಂದು ಭಾನುವಾರ ಅಣ್ಣ ಆ ಗೋಡೆಗೆ ಬಿಳಿ ಬಳಿದು ಕೈಯಿಂದಲೇ ಮುಖ ಬರೆದ. ಬೈತಲೆ, ತುಟಿಯ ಓರೆ, ಮಚ್ಚೆ, ಎಲ್ಲ ಇರಬೇಕಾದಲ್ಲೇ. ಅತ್ತಿಗೆ ಹೊಸ್ತಿಲ ಮೇಲೆ ಕೂತು ಕಣ್ಣು ಕೀಳದೆ ನೋಡಿದರು. ಆ ಮಧ್ಯಾಹ್ನ ಎರಡು ತುತ್ತು ಉಂಡರು ಕೂಡ.

ಸಂಜೆ ಕಾರ್ಖಾನೆಯ ಹುಡುಗಿಯರ ಗುಂಪು ಬಂತು. ಹೊಸಬರು, ಅವಳನ್ನು ಗೋಡೆಗಳ ಮೇಲಷ್ಟೇ ಕಂಡವರು. ಒಬ್ಬಳು ರೇಗಿದಳು: "ಏನ್ರೀ, ಹಾಳು ಮಾಡ್ಬಿಟ್ರಲ್ಲ! ಅಕ್ಕನ ಮಚ್ಚೆ ಎಡಗಡೆ. ನೀವು ಅವ್ರನ್ನ ನೋಡೇ ಇಲ್ವಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಕೈ ಅಡ್ಡ ಹಿಡಿದ. ವಾದಿಸಲು ತ್ರಾಣವಿರಲಿಲ್ಲವೋ, ಅಥವಾ ಅವಳ ಸಿಟ್ಟು ನೋಡಿ ಏನನ್ನಿಸಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕುಂಚವನ್ನು ಅವಳ ಕೈಗೆ ಕೊಟ್ಟು, "ಎಲ್ಲಿತ್ತೋ ಅಲ್ಲಿ ನೀನೇ ಇಡಮ್ಮ" ಅಂದ.

ಅವಳು ಮಚ್ಚೆಯ ಮೇಲೆ ಬಣ್ಣ ಬಳಿದು ಅಳಿಸಿ, ಎಡಗೆನ್ನೆಗೆ ಕಪ್ಪು ಚುಕ್ಕಿ ಇಟ್ಟಳು. ಎಲ್ಲರೂ ಮುಷ್ಟಿಯೆತ್ತಿ ನಮ್ಮ ಹುಡುಗಿಯ ಹೆಸರು ಕೂಗಿದರು. ಅತ್ತಿಗೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.