ಮೇಷ್ಟ್ರ ದಾರದ ಲೆಕ್ಕ

ಹೋದ ವಾರ ತರೀಕೆರೆ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯವನು ಖಾರದ ಪೊಟ್ಟಣಕ್ಕೆ ಬಿಳಿ ದಾರ ಸುತ್ತಿ, ಹಲ್ಲಿನಲ್ಲಿ ಕಡಿದು ಕೊಟ್ಟ. ಅಜ್ಜಂಪುರದ ಬಸ್ಸಿನಲ್ಲಿ ಕೂತು ಆ ದಾರ ಬಿಚ್ಚಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ... ಪಕ್ಕದ ಮನೆಯ ಮೇಷ್ಟ್ರು ನೆನಪಾದರು.

ನನಗೆ ಭೂಗೋಳ ಕಲಿಸಿದವರು. ನಿವೃತ್ತರಾದ ಮೇಲೆ ನಮ್ಮೂರಿನ ವಿಮಾನಯಾನ ಖಾತೆಯನ್ನು, ಯಾರೂ ಕೊಡದಿದ್ದರೂ, ತಾವಾಗಿಯೇ ವಹಿಸಿಕೊಂಡಿದ್ದರು. ಖಾತೆಯ ಒಟ್ಟು ಆಸ್ತಿ ಒಂದು ಸೊಟ್ಟ ಗ್ಲೋಬು, ಒಂದು ಮೊಳ ದಾರ. ದಾರದಲ್ಲಿ ಗಂಟುಗಳಿದ್ದವು; ಗಂಟಿನಿಂದ ಗಂಟಿಗೆ ಒಂದು ತಾಸಿನ ಹಾರಾಟ. ಲಂಡನ್ನು ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳಿದವರಿಗೆ, ಅವರಿಗೆ ಲಂಡನ್ನಿನಲ್ಲಿ ಯಾವ ಕೆಲಸವೂ ಇರದಿದ್ದರೂ, ಕನ್ನಡಕ ಏರಿಸಿ ದಾರ ಎಳೆದು ತೀರ್ಪು ಕೊಡುತ್ತಿದ್ದರು. ತಮಗೆ ಮಾತ್ರ ಕಡೂರೇ ದೂರಪ್ರಯಾಣ. ಮದುವೆಯಾಗದೆ ತಾಯಿಯ ಜೊತೆಗಿದ್ದರು. ತಂಗಿ ಕುವೈತಿನಲ್ಲಿ ನರ್ಸು.

ತಾಯಿ ತೀರಿಕೊಂಡ ದಿನ ತಂಗಿ ಫೋನು ಮಾಡಿದಳು. ನಾಳೆ ಬೆಳಿಗ್ಗೆ ಆರಕ್ಕೆ ಅಲ್ಲಿಂದ ವಿಮಾನ, ಅವ್ವನ ಮುಖ ನೋಡದೆ ಮಣ್ಣು ಮಾಡಬೇಡಿ ಎಂದು ಅತ್ತು ಫೋನಿಟ್ಟಳಂತೆ. ಜಗಲಿಯಲ್ಲಿದ್ದ ಹಿರಿಯರ ಪ್ರಶ್ನೆ ಒಂದೇ: ಹೊತ್ತು ಮುಳುಗುವುದರೊಳಗೆ ಬರುತ್ತಾಳೋ ಇಲ್ಲವೋ? ತಡವಾಗುವುದಾದರೆ ಎಲ್ಲ ನಾಡಿದ್ದಿಗೆ ಇಟ್ಟುಕೊಳ್ಳೋಣ. ಯಾಕೆಂದರೆ ತೋಡಿದ ಗುಂಡಿಯನ್ನು ರಾತ್ರಿ ಬರಿದು ಬಿಡುವಂತಿಲ್ಲ, ಮನೆಯಿಂದ ಎತ್ತಿದ ಹೆಣ ಮರಳಿ ತರುವಂತಿಲ್ಲ.

ಮೇಷ್ಟ್ರು ದಾರ ಎಳೆದರು.

"ಆರಕ್ಕೆ ಹೊರಟ್ರೆ ಐದು ತಾಸು, ಹನ್ನೊಂದಕ್ಕೆ ಬೆಂಗಳೂರು. ಹೊರಗೆ ಬರೋಕೆ ಒಂದು, ಕಾರಲ್ಲಿ ಐದು. ಸಂಜೆ ಐದಕ್ಕೆ ಇಲ್ಲಿರ್ತಾಳೆ."

ಕುವೈತಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ. ಅದನ್ನು ಅವರು ಕೂಡಿಸಿಲ್ಲವೆಂದು ನನಗೆ ಅಲ್ಲೇ ಹೊಳೆಯಿತು. ಕಿವಿ ಹಿಂಡಿ ಕಲಿಸಿದವರು ಅವರೇ ತಾನೆ. ಬಾಯಿ ತೆರೆದೆ. ಹತ್ತು ಜನರೆದುರು, ಅದೂ ಸಾವಿನ ಮನೆಯಲ್ಲಿ, ಮೇಷ್ಟ್ರ ಲೆಕ್ಕ ತಿದ್ದುವುದೇ... ಮುಚ್ಚಿದೆ. ಅದಕ್ಕೆ ಗುರುಭಕ್ತಿ ಎಂದು ಹೆಸರನ್ನೂ ಇಟ್ಟುಕೊಂಡೆ.

ಮರುದಿನ, ಬಂದವಳು ನೇರ ಗುಂಡಿ ತೋಡಿದ್ದ ಹೊಲಕ್ಕೇ ಬರಲಿ ಎಂದು ನಾಲ್ಕೂವರೆಗೆ ಹೊರಟೆವು. ಐದಾಯಿತು. ಆರಾಯಿತು. ಗುಂಡಿಯ ಬಳಿ ಕೂರಿಸಿದ್ದ ತಾಯಿಯ ಪಕ್ಕದಲ್ಲಿ ನಿಂತು ಮೇಷ್ಟ್ರು ಬೀರೂರು ರಸ್ತೆಯನ್ನೇ ನೋಡುತ್ತಿದ್ದರು. ಕೊನೆಗೆ ಹಿರಿಯರೊಬ್ಬರು, "ಇನ್ನು ತಡೆಯೋಕಾಗಲ್ಲ ಕಣಪ್ಪಾ," ಅಂದರು. ಮೊದಲ ಹಿಡಿ ಮಣ್ಣು ಮೇಷ್ಟ್ರೇ ಹಾಕಿದರು.

ಏಳೂವರೆಗೆ ಕಾರು ಬಂತು. ತಂಗಿ ಬ್ಯಾಗು ಕೂಡ ಇಳಿಸಲಿಲ್ಲ.

"ಒಂದು ಗಂಟೆ ಕಾಯೋಕಾಗ್ಲಿಲ್ವಾ ಅಣ್ಣಾ?"

"ಲೆಕ್ಕ ತಪ್ಪಿದೆ ಕಣವ್ವ. ಯಾರಾದ್ರೂ ಹೇಳಬೌದಿತ್ತು," ಅಂದರು ಮೇಷ್ಟ್ರು. ನನ್ನ ಕಡೆ ನೋಡಲಿಲ್ಲ.

ಗ್ಲೋಬು ಅಟ್ಟ ಸೇರಿತು. ತಂಗಿ ಮತ್ತೆ ಊರಿಗೆ ಬರಲಿಲ್ಲ. ಮೇಷ್ಟ್ರು ಹೋದಾಗ ಯಾರಿಗಾಗಿಯೂ ಕಾಯುವುದಿರಲಿಲ್ಲ, ಮಧ್ಯಾಹ್ನಕ್ಕೇ ಮುಗಿಸಿದೆವು. ಅವರಿದ್ದಷ್ಟು ಕಾಲ ನಾನು ಬಾಯಿ ಬಿಡಲೂ ಇಲ್ಲ...

ಈಗ ದೂರ, ಹೊತ್ತು, ಅಲ್ಲಿನ ಗಡಿಯಾರ, ಇಲ್ಲಿನದು, ಎಲ್ಲವನ್ನೂ ಜೇಬಿನ ಫೋನು ಯಾವ ಸಂಕೋಚವೂ ಇಲ್ಲದೆ ಹೇಳುತ್ತದೆ. ಬಸ್ಸು ಅಜ್ಜಂಪುರ ಮುಟ್ಟಿದಾಗ ನೋಡಿದರೆ, ಬೆರಳಿನ ದಾರಕ್ಕೆ ನಾನು ಗಂಟು ಹಾಕುತ್ತಾ ಬಂದಿದ್ದೆ. ದಾರದ್ದೇನೂ ತಪ್ಪಿಲ್ಲ. ಅದರ ಅಳತೆ ಅಂದೂ ಸರಿಯಾಗಿಯೇ ಇತ್ತು.