ಸತ್ತ ನಕ್ಷತ್ರದ ಲೆಕ್ಕಕ್ಕೆ ಕುಂಕುಮ

ಎಪ್ಪತ್ತರ ದಶಕದಲ್ಲಿ ಮಂಡ್ಯದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತ, ರಜೆ ಸಿಕ್ಕಾಗಲೆಲ್ಲ ಸಿಡಿದು ಸತ್ತ ನಕ್ಷತ್ರಗಳ ಹಿಂದೆ ಬಿದ್ದಿದ್ದೆ. ನಕ್ಷತ್ರ ಸಿಡಿದಾಗ ಹುಟ್ಟುವ ನಿಕ್ಕಲ್ ಕೋಬಾಲ್ಟ್ ಆಗುತ್ತದೆ, ಕೋಬಾಲ್ಟ್ ಕಬ್ಬಿಣವಾಗುತ್ತದೆ. ಆಗ ಗಾಮಾ ಕಿರಣ ಹೊಮ್ಮುತ್ತದೆ. ಸುತ್ತ ಸಿಡಿದು ಹರಡಿದ ದ್ರವ್ಯಕ್ಕೆ ಡಿಕ್ಕಿ ಹೊಡೆದು ಹೊಡೆದು ಸೊರಗಿದ ಕಿರಣ ಎಕ್ಸ್-ರೇ ಆಗಿ ಹೊರಬೀಳುತ್ತದೆ. ಯಾವುದು ಎಷ್ಟು, ಸಿಡಿದ ಎಷ್ಟು ದಿನಕ್ಕೆ? ಇದೇ ನನ್ನ ಪಿಎಚ್‌ಡಿ. ಅಂಥ ಬೆಳಕನ್ನು ಆಗ ಯಾರೂ ಕಂಡಿರಲಿಲ್ಲ. ನಾನು ಕಂಡೇನೆಂಬ ಆಸೆಯೂ ಇರಲಿಲ್ಲ.

ಕಂಪ್ಯೂಟರ್ ಇದ್ದದ್ದು ಬೆಂಗಳೂರಿನಲ್ಲಿ. ಅದಕ್ಕೆ ಹೇಳಬೇಕಾದ್ದನ್ನೆಲ್ಲ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು, ಕಾರ್ಡಿಗೊಂದು ಸಾಲಿನಂತೆ, ಕ್ರಮವಾಗಿ ಕೊಡಬೇಕು. ಎರಡು ವರ್ಷದಲ್ಲಿ ಸಾವಿರಕ್ಕೂ ಮೇಲೆ ಹೊಡೆದು, ಪೆಟ್ಟಿಗೆಗೆ ತುಂಬಿ ಮನೆಯಲ್ಲಿಟ್ಟಿದ್ದೆ. ಪ್ರತಿ ಕಾರ್ಡಿಗೂ ಕ್ರಮಸಂಖ್ಯೆ ಹಾಕಿ ಎಂದು ಅಲ್ಲಿಯವರು ಬಡಕೊಂಡಿದ್ದರು. ನಾನು ಸೋಮಾರಿ, ಮೇಲಾಗಿ ಅಹಂಕಾರಿ, ಹಾಕಲಿಲ್ಲ. ಪ್ರಬಂಧ ಒಪ್ಪಿಸಲು ವಿಶ್ವವಿದ್ಯಾಲಯ ಕೊಟ್ಟ ಗಡುವಿಗೆ ಮುಂಚೆ ಕಂಪ್ಯೂಟರಿನಲ್ಲಿ ನನಗೆ ಸಿಕ್ಕಿದ್ದು ಒಂದೇ ಸರದಿ, ವಿಜಯದಶಮಿಯ ಮಾರನೆಯ ದಿನ.

ಆಯುಧಪೂಜೆಯ ಬೆಳಿಗ್ಗೆ ಅಕ್ಕನನ್ನು ಕರೆತರಲು ಮಳವಳ್ಳಿಗೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಅಂಗಳದ ತುಂಬ ಚಾಪೆ, ಚಾಪೆಯ ತುಂಬ ನನ್ನ ಕಾರ್ಡು, ಒಂದೊಂದರ ಮೇಲೂ ಒದ್ದೆ ಅರಿಸಿನ, ಕುಂಕುಮ. ಕೆಲವು ಗಾಳಿಗೆ ಹಾರಿ ಬಾವಿಕಟ್ಟೆ ಸೇರಿದ್ದವು.

"ಪುಸ್ತಕಕ್ಕೆ ಇಟ್ಟು ಇವನ್ನ ಬುಟ್ರೆ ಆದದೇನಪ್ಪ? ಒಂದೂ ಬುಡದಂಗೆ ಇಟ್ಟಿವ್ನಿ. ಒಣಗ್ಲಿ ಅಂತ ಬಿಸ್ಲಿಗೆ ಆಕಿವ್ನಿ" ಎಂದಳು ಅವ್ವ. ಓದು ಬರದವಳು, ಬೆಳಗಿನಿಂದ ಸೊಂಟ ಬಗ್ಗಿಸಿ ಕೂತಿದ್ದಳು. ಮುಖದ ತುಂಬ ಸಂತೋಷ.

"ನನ್ ಬಾಳ್ನೇ ಆಳ್ ಮಾಡ್‌ಬುಟ್ಟಲ್ಲವ್ವ!" ಎಂದು ಅರಚಿದೆ.

ಅವಳಿಗೆ ಏನೂ ಅರ್ಥವಾಗಲಿಲ್ಲ. ಒದ್ದೆ ಸೆರಗಿನಲ್ಲಿ ಒಂದೊಂದೇ ಕಾರ್ಡು ಒರೆಸತೊಡಗಿದಳು. ರಟ್ಟು ಇನ್ನಷ್ಟು ಉಬ್ಬಿತು.

ಹಬ್ಬದೂಟ ಬಿಟ್ಟು, ಕಲಸಿಹೋದ ಕಾರ್ಡುಗಳನ್ನು ಕ್ರಮಕ್ಕೆ ಜೋಡಿಸುತ್ತ ಕೂತೆ. ರೈಲು ಹನಕೆರೆ ದಾಟಿ ಮದ್ದೂರಿನಲ್ಲಿ ನಿಂತಾಗಲೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದುಮುಂದು ಮಾಡುತ್ತಲೇ ಇದ್ದೆ. ಬೆಂಗಳೂರಿನಲ್ಲಿ ಯಂತ್ರ ಉಬ್ಬಿದ ಕಾರ್ಡನ್ನು ಕಚ್ಚಿಕೊಂಡು ನಿಂತಿತು. ಆಪರೇಟರು ಕುಂಕುಮ ನೋಡಿ ನಕ್ಕರು. ನನ್ನ ಮುಖ ನೋಡಿ, ಪೆಟ್ಟಿಗೆ ಮುಚ್ಚಿ ವಾಪಸು ಕೊಟ್ಟರು. ಗಡುವು ಮುಗಿಯಿತು, ಪಿಎಚ್‌ಡಿ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದರು. ಸಂಖ್ಯೆ ಹಾಕದ ತಪ್ಪು ನನ್ನದೇ ಎಂದು ಗೊತ್ತಿತ್ತು. ಅದನ್ನು ಅವ್ವನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಮುಂದಿನ ಆಯುಧಪೂಜೆಗೆ ಅವಳು ನನ್ನ ಕೋಣೆಯ ಹೊಸ್ತಿಲು ದಾಟಲಿಲ್ಲ. ಹೊರಗಿನಿಂದಲೇ ಕುಂಕುಮದ ಬಟ್ಟಲು ಚಾಚಿ, "ನೀನೇ ಇಟ್ಕೋ ಕಣಪ್ಪ, ನಂಗೆ ಗೊತ್ತಾಗಕಿಲ್ಲ" ಎಂದಳು.